ಆರಾಮ ಅದೀನ್ರಿ, ಬಾಯಾರ

ಕಿಣಿ... ಕಿಣಿಕಿಣಿ. ಗಾಜಿನ ಬಳೆ ಕಬ್ಬಿಣದ ಮಂಚಕ್ಕೆ ತಾಗುವ ಆ ಸದ್ದು ನಿಮಗೆ ಗೊತ್ತೇ? ಬೆಳಿಗ್ಗೆ ಪಾತ್ರೆ ತೊಳೆಯುವವಳ ಬಳೆ ನಲ್ಲಿಗೆ ತಾಗಿತು ನೋಡಿ, ಚಹಾದ ಕಪ್ಪು ಕೈಯಲ್ಲಿದ್ದಂತೆಯೇ ನಾನು ಬೈಲಹೊಂಗಲದ ಆಸ್ಪತ್ರೆಯ ನನ್ನ ಹಳೆಯ ವಾರ್ಡಿನಲ್ಲಿದ್ದೆ.

ಆಗ ಅಲ್ಲಿ ನಾನು ವಾರ್ಡ್ ಸಿಸ್ಟರ್. ಕಾನ್ವೆಂಟಿನಲ್ಲಿ ಕಲಿತವಳು, ಇಸ್ತ್ರಿ ಮಾಡಿದ ಯೂನಿಫಾರ್ಮಿನಷ್ಟೇ ಗರಿಗರಿ ನನ್ನ ಇಂಗ್ಲಿಷ್. ವಾಸಿಯಾಗದ ರೋಗಿಗಳ ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದು ಚಾರ್ಟಿನಲ್ಲಿ ಬರೆಯುವುದನ್ನು ಹುಡುಗಿಯರಿಗೆ ಕಲಿಸುವವಳೂ ನಾನೇ.

ಮುರಗೋಡದ ದ್ಯಾಮವ್ವನಿಗೆ ಹೊಟ್ಟೆಯ ಕ್ಯಾನ್ಸರ್. ಗುಣವಾಗದೆಂದು ಎಲ್ಲರಿಗೂ ಗೊತ್ತಿತ್ತು, ಆಕೆಗೂ. ಡಾಕ್ಟರ ರೌಂಡ್ಸಿಗೆ ಮುಂಚೆ ದಿನಾ ಕೇಳುತ್ತಿದ್ದೆ: "ಆರಾಮ ಅದೀರೇನ್ರಿ?"

"ಆರಾಮ ಅದೀನ್ರಿ, ಬಾಯಾರ. ನಿಮ್ದು ಚಹಾ ಆತ್ರಿ?"

'ಪೇನ್: ಝೀರೋ' ಎಂದು ಬರೆಯುತ್ತಿದ್ದೆ. ನಾಲ್ಕು ದಿನ ಬರೆದೆ. ಎಂಥ ಚೆಂದದ ಹ್ಯಾಂಡ್‌ರೈಟಿಂಗ್!

ಐದನೆಯ ದಿನ ಮನೋಳಿಯ ಹುಡುಗಿ, ಟ್ರೇನೀ ನರ್ಸ್ ನೀಲವ್ವ, ನನ್ನನ್ನು ಬಾಗಿಲಾಚೆ ಕರೆದಳು. "ಸಿಸ್ಟರ್, ಸಿಟ್ಟಾಗಬ್ಯಾಡ್ರಿ. ಆರಾಮ ಅನ್ನೋದು ನಮ್ಮ ಕಡೆ ಉತ್ತರ ಅಲ್ರಿ, ನಮಸ್ಕಾರ. ಚಕ್ಕಡಿ ಮೈಮ್ಯಾಲ ಹಾದ್ರೂ ಆರಾಮ ಅಂತಾರ. ಅಕಿ ಕೈಯಾಗಿನ ಬಳಿ ಸಪ್ಪಳಾ ಕೇಳ್ರಿ."

ಕೇಳಿದೆ. ಕಿಣಿಕಿಣಿ. ಮುಖದಲ್ಲಿ ನಗು, ಮಂಚದ ಸರಳು ಹಿಡಿದ ಕೈ ನಡುಗುತ್ತಿತ್ತು.

ನೀಲವ್ವ ಹೋಗಿ ಹತ್ತಿರ ಕುಳಿತಳು. "ಆಯಿ, ನಿನ್ನಿ ಯಾವ ಮಗ್ಗಲಾ ಮಲಗಿದ್ದಿ?"

"ಮಲಗೋದ ಎಲ್ಲೀದವ್ವಾ! ಬಂದಾಗಿಂದ ಗ್ವಾಡಿಗೆ ಬೆನ್ನ ಹಚ್ಚಿ ಕುಂತೇನಿ. ಬಾಯಾರು ಪಾಪ ಅಷ್ಟ ಅಕ್ಕರ್ತಿಲೆ ಕೇಳ್ತಾರ, ತ್ರಾಸ ಐತಿ ಅಂತ ಹೆಂಗ ಹೇಳ್ಲಿ?"

ನನ್ನ ಸೊನ್ನೆಗಳನ್ನು ನಾನೇ ಡಾಕ್ಟರಿಗೆ ತೋರಿಸಿ ತಪ್ಪು ಒಪ್ಪಿದೆ. ಡಾಕ್ಟರು ಮಾರ್ಫಿನ್ ಎಂದೊಡನೆ ದ್ಯಾಮವ್ವನ ಮಗ ಗಾಬರಿಯಾದ. "ಚಟಾ ಹತ್ತಿದ್ರ?"

"ನೋವಿಗೆ ಅಳದು ಕೊಟ್ರ ಚಟಾ ಹತ್ತೂದಿಲ್ಲಣ್ಣಾ," ಎಂದಳು ನೀಲವ್ವ. "ಹೊಟ್ಟಿ ಕಟ್ಟತೈತಿ, ಅದಕ್ಕೂ ಗುಳಿಗಿ ಕೊಡ್ತೇವಿ."

ಅದನ್ನು ಅವಳಿಗೆ ಕಲಿಸಿದವಳು ನಾನು. ಕೇಳುವುದನ್ನು ನನಗೆ ಕಲಿಸಿದವಳು ಅವಳು. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ಈಗ ಸವದತ್ತಿಯಲ್ಲಿ ಅವಳೇ ವಾರ್ಡ್ ಸಿಸ್ಟರ್. ಯಾರು ಫೋನು ಮಾಡಿದರೂ ನಾನು ಮಂಡಿ ಹಿಡಿದುಕೊಂಡೇ "ಆರಾಮ" ಎನ್ನುತ್ತೇನೆ. ಅವಳು ಮಾತ್ರ "ಇವತ್ತ ಎಷ್ಟ ಮೆಟ್ಟಲಾ ಹತ್ತಿದ್ರಿ?" ಎಂದು ಕೇಳುತ್ತಾಳೆ. ಇವತ್ತು ನಿಜ ಹೇಳಿಬಿಟ್ಟೆ: ಎರಡು.

ದ್ಯಾಮವ್ವನನ್ನು ಕಡೆಯ ಸಲ ನೋಡಿದ್ದು ಒಂದು ಮಧ್ಯಾಹ್ನ, ಡ್ಯೂಟಿ ಮುಗಿಸಿ ಹೊರಟಾಗ. ಬಲಮಗ್ಗುಲಿಗೆ ಮಲಗಿದ್ದಳು, ಕೈ ಕೆನ್ನೆಯ ಕೆಳಗೆ. ಏನೂ ಕೇಳಲಿಲ್ಲ, ಬಗ್ಗಿ ಬಳೆಗೆ ಕಿವಿಗೊಟ್ಟೆ. ಸದ್ದಿರಲಿಲ್ಲ. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.