ಸಿರುಗುಪ್ಪದ ಲಾಗಿನ್ ಮುಚ್ಚಿದ ದಿನ

ಕೋವಿಡ್ ಹಾವಳಿ ತಗ್ಗಿದ ಮರುವರ್ಷ ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನೆಟ್‌ವರ್ಕ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಸಿರುಗುಪ್ಪ, ಕುರುಗೋಡುಗಳಲ್ಲಿ ನಮ್ಮ ಸ್ಕ್ಯಾನಿಂಗ್ ಸೆಂಟರ್‌ಗಳಿದ್ದವು. ಅಲ್ಲಿ ತೆಗೆದ ಸ್ಕ್ಯಾನ್‌ಗಳು ವಿಪಿಎನ್ ಮೂಲಕ, ಅಂದರೆ ಇಂಟರ್ನೆಟ್ಟಿನೊಳಗೇ ನಾವು ಬೀಗ ಹಾಕಿಕೊಂಡ ದಾರಿಯಲ್ಲಿ, ಬಳ್ಳಾರಿಗೆ ಬರುತ್ತಿದ್ದವು. ಡಾಕ್ಟರು ಇಲ್ಲೇ ಕೂತು ರಿಪೋರ್ಟ್ ಕೊಡುತ್ತಿದ್ದರು. ಒಳಬರಲು ಪಾಸ್‌ವರ್ಡ್ ಜೊತೆಗೆ ಮೊಬೈಲಿಗೆ ಬರುವ ಒಟಿಪಿಯೂ ಬೇಕು.

ಒಬ್ಬೊಬ್ಬರಿಗೂ ಬೇರೆ ಲಾಗಿನ್ ಮಾಡಿಕೊಟ್ಟಿದ್ದೆ. ಸಿರುಗುಪ್ಪದವರು ಅದನ್ನೆಲ್ಲ ಬದಿಗಿಟ್ಟು ಒಂದೇ ಲಾಗಿನ್ ಬಳಸುತ್ತಿದ್ದರು. ಅದರ ಮೊಬೈಲು ಕೌಂಟರಿನ ಮೇಲೆ. ಯಾರು ಕೇಳಿದರೂ ಒಟಿಪಿ ಓದಿ ಹೇಳುವುದು. ಹೋಗಿ ಬೈದಾಗ, ಒಂದೇ ಮನೆಯವರ ನಡುವೆ ಬೀಗ ಯಾಕೆಂದು ನಕ್ಕು ಮಿರ್ಚಿ ಬಜ್ಜಿ ತರಿಸಿದ್ದರು. ನಾನೂ ತಿಂದು ಸುಮ್ಮನೆ ಬಂದಿದ್ದೆ. ಆ ತಪ್ಪು ನನ್ನದು.

ಒಂದು ಮಧ್ಯಾಹ್ನ ಅದೇ ಲಾಗಿನ್ ಸಿರುಗುಪ್ಪದಿಂದಲೂ ಎಲ್ಲೋ ಹೊರರಾಜ್ಯದಿಂದಲೂ ಏಕಕಾಲಕ್ಕೆ ಒಳಬಂದದ್ದು ಕಂಡಿತು. ಅಲ್ಲಿನ ಟೆಕ್ನಿಷಿಯನ್ ಹುಲಿಗೆಮ್ಮನಿಗೆ ಫೋನ್ ಮಾಡಿದೆ. ಬಳ್ಳಾರಿ ಆಫೀಸಿನವನೆಂದು ಹೇಳಿಕೊಂಡು ಯಾರೋ ಫೋನಿನಲ್ಲಿ ಪಾಸ್‌ವರ್ಡನ್ನೂ ಒಟಿಪಿಯನ್ನೂ ಕೇಳಿದ್ದ, ಆಕೆ ಹೇಳಿಬಿಟ್ಟಿದ್ದಳು. ಆ ಲಾಗಿನ್ ತಕ್ಷಣ ಮುಚ್ಚಿದೆ.

ಐದೇ ನಿಮಿಷಕ್ಕೆ ಮ್ಯಾನೇಜರ್ ಸಾಹೇಬರು ನನ್ನ ಮೇಜಿನ ಮುಂದೆ ನಿಂತಿದ್ದರು. ಸಿರುಗುಪ್ಪದ ಹತ್ತಿರದ ಕರೂರಿನಲ್ಲಿ ಗಾರೆ ಕೆಲಸದ ಗೌಂಡಿಯೊಬ್ಬ ಕಟ್ಟಡದಿಂದ ಬಿದ್ದು ತಲೆಗೆ ಪೆಟ್ಟಾಗಿತ್ತು. ಅವನ ಸ್ಕ್ಯಾನ್ ಸಿರುಗುಪ್ಪದಲ್ಲೇ ನಿಂತುಬಿಟ್ಟಿತ್ತು. ಮುಂದೇನು ಮಾಡಬೇಕೆಂದು ಡಾಕ್ಟರು ಅದನ್ನು ನೋಡಿಯೇ ಹೇಳಬೇಕು. ಅವನಿಗೇನಾದರೂ ಆದರೆ ಹೊಣೆ ನಿಮ್ಮದು, ಹಳೇ ಲಾಗಿನ್ನನ್ನೇ ಬಿಚ್ಚಿ ಎಂದು ಸಾಹೇಬರು ಗದರಿದರು. ನನಗೆ ರೇಗಿತು. ಬಿಚ್ಚಿದರೆ ಆ ಕಳ್ಳ ಕುರುಗೋಡಿಗೂ ಬಳ್ಳಾರಿಗೂ ನುಗ್ಗಿ ಎಲ್ಲ ಕೆಡಿಸಬಹುದಿತ್ತು; ಆಮೇಲೆ ಯಾರ ಸ್ಕ್ಯಾನೂ ಯಾರಿಗೂ ಕಾಣುತ್ತಿರಲಿಲ್ಲ.

"ಬಿಚ್ಚಂಗಿಲ್ರಿ ಸರ್. ಬೇಕಾದ್ರ ನನ್ನ ಮನಿಗೆ ಕಳಸ್ರಿ," ಎಂದೆ.

ಅವರೆದುರಿಗೇ ಹುಲಿಗೆಮ್ಮನಿಗೆ ಫೋನ್ ಮಾಡಿ, ಆಕೆ ಎಂದೂ ಮುಟ್ಟದಿದ್ದ ಆಕೆಯದೇ ಲಾಗಿನ್ ತೆರೆಸಿದೆ. ಒಟಿಪಿ ಆಕೆಯ ಸ್ವಂತ ಮೊಬೈಲಿಗೆ ಬಂತು. ಹೊಸ ಪಾಸ್‌ವರ್ಡ್ ಇಟ್ಟವಳು ಅದನ್ನು ನನಗೇ ಹೇಳಲು ಹೊರಟಳು.

"ನನಗೂ ಹೇಳಬ್ಯಾಡ," ಎಂದು ತಡೆದೆ.

ಹತ್ತು ನಿಮಿಷದಲ್ಲಿ ಸ್ಕ್ಯಾನ್ ಬಂತು. ತಲೆಯೊಳಗೆ ರಕ್ತಸ್ರಾವವಾಗಿತ್ತು. ಸಂಜೆಯೊಳಗೆ ಬಳ್ಳಾರಿಯಲ್ಲಿ ಆಪರೇಷನ್ ಆಗಿ ಗೌಂಡಿ ಬದುಕಿಕೊಂಡ. ನನಗೆ ಮಾತ್ರ ಮೆಮೊ ಬಂತು. ಇಂಥದ್ದು ಮತ್ತೆ ಆದರೆ ಮತ್ತೆ ಮುಚ್ಚುತ್ತೇನೆ ಎಂದು ಒಂದೇ ಸಾಲಿನ ಉತ್ತರ ಬರೆದುಕೊಟ್ಟೆ.

ಮುಂದಿನ ವಾರ ಸಾಹೇಬರೇ ಯಾವುದೋ ರಿಪೋರ್ಟ್ ನೋಡಲು ಸಿರುಗುಪ್ಪಕ್ಕೆ ಫೋನ್ ಹಚ್ಚಿ ಹುಲಿಗೆಮ್ಮನ ಪಾಸ್‌ವರ್ಡನ್ನೂ ಒಟಿಪಿಯನ್ನೂ ಕೇಳಿದರು. ಸ್ಪೀಕರ್ ಹಾಕಿದ್ದರಿಂದ ಆಕೆಯ ಉತ್ತರ ಇಡೀ ಆಫೀಸಿಗೆ ಕೇಳಿಸಿತು.

"ಕೊಡಂಗಿಲ್ರಿ ಸರ್. ನಿಮ್ಮ ಲಾಗಿನ್ ನಿಮಗೈತಲ್ರಿ."

ಮೇಲಿನವರಿಗೆ ಇಲ್ಲ ಎನ್ನಲು ಹೆದರುವ ಕಡೆ ಯಾವ ಬೀಗವೂ ನಿಲ್ಲದೆಂದು ನನ್ನ ಕೆಲಸ ಕಲಿಸಿದೆ. ಅವತ್ತು ಹುಲಿಗೆಮ್ಮ ಹೆದರಲಿಲ್ಲ.