ಬಚ್ಚಲೊಲೆ ಮತ್ತು ಎರಡು ಹನಿ

ನೆನೆದ ಅಂಗಿಯನ್ನು ಬಚ್ಚಲೊಲೆಯ ಹತ್ತಿರ ಹರವಿದಾಗ ಏಳುವ ಹೊಗೆವಾಸನೆ ನಿಮಗೂ ಗೊತ್ತಿರಬಹುದು. ನಮ್ಮ ಸುಳ್ಯದ ಕಡೆ ಮಳೆಗಾಲದಲ್ಲಿ ಆ ಒಲೆಯ ಬಳಿ ಒಣಗದ ವಸ್ತುವೇ ಇಲ್ಲ. ಕೊಡೆ, ಚೀಲ, ಶಾಲೆಯ ಪುಸ್ತಕ, ಎಲ್ಲವೂ. ಇವತ್ತು ಬೆಳಿಗ್ಗೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಳೆಯದೊಂದು ನೆನಪಾಗಿ ನನಗೆ ನಾಚಿಕೆಯಾಯಿತು.

ಆಗ ಮದುವೆಯಾಗಿ ಆರು ತಿಂಗಳು. ನನ್ನ ಹೆಂಡತಿಗೆ ಕೊಲ್ಲಮೊಗ್ರಿನಲ್ಲಿ ನರ್ಸ್ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಒಂದು ದಿನ ಪೋಲಿಯೊ ಲಸಿಕೆಯ ಐಸ್ ಪೆಟ್ಟಿಗೆ ಹಿಡಿದು ತೊಯ್ದು ತೊಪ್ಪೆಯಾಗಿ ಬಂದವಳು ಸೀರೆ ಬದಲಾಯಿಸಲು ಒಳಗೆ ಹೋದಳು. ಪೆಟ್ಟಿಗೆಯಿಂದಲೂ ನೀರು ಇಳಿಯುತ್ತಿತ್ತು. ಹೊಸ ಗಂಡನ ಉತ್ಸಾಹ ನೋಡಿ! ಮುಚ್ಚಳ ತೆಗೆದೆ, ಪುಟ್ಟ ಬಾಟಲಿಗಳನ್ನು ಒರೆಸಿ ಒಲೆಯ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಮಳೆ ಬಿಟ್ಟ ಮೇಲೆ ಜೋಪಾನವಾಗಿ ಮತ್ತೆ ಪೆಟ್ಟಿಗೆಯೊಳಗಿಟ್ಟು, ಅಂಗನವಾಡಿಯವರೆಗೂ ನಾನೇ ಹೊತ್ತೆ.

ಆ ಬಾಟಲಿಗಳ ಮೇಲೊಂದು ಬಿಳಿ ಚೌಕ ಇರುತ್ತದೆ. ಬಿಸಿ ತಾಗಿದರೆ ಅದು ಕಪ್ಪಾಗುತ್ತದೆ. ಇದು ನನಗೆ ತಿಳಿದದ್ದು ಅಂಗನವಾಡಿಯಲ್ಲಿ ಅವಳು ಬಾಟಲಿ ನೋಡಿ, ಆಮೇಲೆ ನನ್ನನ್ನು ನೋಡಿದಾಗ.

"ಒಲೆಯಾ?" ಎಂದಳು ಮೆಲ್ಲಗೆ. ಹೌದೆಂದು ತಲೆಯಾಡಿಸಿದೆ.

ಚೊಚ್ಚಲ ಮಗುವನ್ನು ಎತ್ತಿಕೊಂಡು ಮೂರು ಮೈಲಿ ನಡೆದು ಬಂದಿದ್ದ ಲಲಿತಕ್ಕ ಕೈಮುಗಿದರು. "ಎರಡು ಹನಿ ಹಾಕಿ ಬಿಡಿ ಸಿಸ್ಟರ್. ಯಾರಿಗೆ ಗೊತ್ತಾಗ್ತದೆ?"

ನಿಜ, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹಾಕಿದ್ದರೆ ಅವಳ ಕೆಲಸಕ್ಕೂ ಕುತ್ತಿರಲಿಲ್ಲ.

"ಇದರಲ್ಲಿ ಪೋಲಿಯೊ ವೈರಸ್ಸೇ ಉಂಟು ಅಕ್ಕ, ಬಲ ತೆಗೆದದ್ದು. ಅದು ಜೀವಂತ ಇದ್ದರೆ ಮಾತ್ರ ಮಗುವಿನ ಮೈ ಅದನ್ನು ಎದುರಿಸ್ಲಿಕ್ಕೆ ಕಲಿಯುದು. ಬಿಸಿಗೆ ಸತ್ತ ಮೇಲೆ ಇದು ಬರೀ ನೀರು. ತಪ್ಪು ನನ್ನದು. ನಾಳೆ ಹೊಸತು ತರ್ತೇನೆ."

ಅವಳು ನನ್ನ ಹೆಸರೆತ್ತಲಿಲ್ಲ. ಮೇಲಿನವರಿಗೂ ತನ್ನ ತಪ್ಪೆಂದೇ ಬರೆದುಕೊಟ್ಟು ಬೈಸಿಕೊಂಡಳು. ಕೆಲಸ ಕಾಯಂ ಆಗುವುದು ಒಂದು ವರ್ಷ ತಡವಾಯಿತು. ನನಗೆ ಹೇಳಿದ್ದು ಇಷ್ಟೇ: "ಇನ್ನು ನನ್ನ ಪೆಟ್ಟಿಗೆ ಮುಟ್ಟಬೇಡಿ ಮಾರಾಯ್ರೆ."

ಆ ಮರುದಿನ ಲಸಿಕೆಗೆ ಬರುವುದನ್ನು ಒಬ್ಬ ತಾಯಿಯೂ ತಪ್ಪಿಸಲಿಲ್ಲ. ಅಂಥವಳ ಗಂಡ ನಾನು ಎಂದು ಎದೆಯುಬ್ಬಿಸಿ ಓಡಾಡಿದೆ, ತಪ್ಪು ನನ್ನದೆಂದು ಮಾತ್ರ ಬಾಯಿ ಬಿಡಲಿಲ್ಲ.

ಮೊನ್ನೆ ಅವಳು ನಿವೃತ್ತಳಾದಳು. ಊರವರ ಸನ್ಮಾನದಲ್ಲಿ ನನಗೂ ಮೈಕ್ ಕೊಟ್ಟರು. ಹೇಳಿಯೇಬಿಟ್ಟೆ: ಆವತ್ತು ಲಸಿಕೆ ಹಾಳುಮಾಡಿದ್ದು ನಾನು.

ಸಭೆಯಲ್ಲಿ ಯಾರೂ ಬೆರಗಾಗಲಿಲ್ಲ. ಮುಂದೆ ಕುಳಿತಿದ್ದ ಲಲಿತಕ್ಕ ನಕ್ಕರು.

"ಅದು ನಿಮ್ಮ ಮುಖ ನೋಡಿ ಆವತ್ತೇ ಗೊತ್ತಾಗಿತ್ತು ಮಾರಾಯ್ರೆ. ಸಿಸ್ಟರೇ ಹೇಳದ್ದನ್ನು ನಾವು ಎಂತಕ್ಕೆ ಹೇಳುದು?"