ಮೀನಿನ ತೊಟ್ಟಿಗೆ ಹಾಕಿದ ದರ್ಭೆ

ಇವತ್ತು ಬೆಳಿಗ್ಗೆ ಕಾಫಿ ಸೋಸುವಾಗ ಹೊರಗಿನ ಕೋಣೆಯ ಸದ್ದು ಬದಲಾಗಿರುವುದು ಕಿವಿಗೆ ಬಿತ್ತು. ನಮ್ಮ ಮೀನಿನ ತೊಟ್ಟಿಯ ಪಂಪಿನಿಂದ ಯಾವಾಗಲೂ ಎರಡು ಸದ್ದು ಬರುತ್ತದೆ. ಒಂದು ಪಂಪಿನದೇ ಗುಂಯ್, ಇನ್ನೊಂದು ಅದು ಮೇಲೆತ್ತಿದ ನೀರು ಮತ್ತೆ ತೊಟ್ಟಿಗೆ ಬೀಳುವ ಸಣ್ಣ ಗುಳುಗುಳು. ಇವತ್ತು ಗುಂಯ್ ಮಾತ್ರ ಇತ್ತು. ಹೋಗಿ ನೋಡಿದರೆ ನೀರಿನ ಮೇಲ್ಮೈ ಗಾಜಿನ ಹಾಳೆಯಂತೆ ಅಲುಗಾಡದೆ ನಿಂತಿದೆ, ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿವೆ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಹೇಳುತ್ತೇನೆ ಕೇಳಿ. ಪಂಪು ಸದ್ದು ಮಾಡುತ್ತಿದೆ, ನೀರು ಮಾತ್ರ ಹೊರಡುತ್ತಿಲ್ಲ ಎಂದರೆ ಪಂಪು ಸತ್ತಿಲ್ಲ. ಪೈಪು ಮಡಚಿಕೊಂಡಿದೆಯೇ ನೋಡಿ. ಒಳಗೆ ಗಾಳಿ ಸೇರಿಕೊಂಡಿದ್ದರೆ ನೀರಿನೊಳಗೇ ಸ್ವಲ್ಪ ಓರೆ ಮಾಡಿ ಅಲ್ಲಾಡಿಸಿ, ಗುಳ್ಳೆ ಹೊರಬರುತ್ತದೆ. ನೀರು ಸೋಸುವ ಸ್ಪಂಜಿಗೆ ಕೊಳೆ ಕಟ್ಟಿಕೊಂಡಿದ್ದರೆ ತೊಳೆಯಿರಿ. ಇಷ್ಟಕ್ಕೂ ಜಗ್ಗದಿದ್ದರೆ ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಒಳಗೆ ತಿರುಗುವ ಪುಟ್ಟ ಚಕ್ರವನ್ನು ಹೊರಗೆಳೆಯಿರಿ. ಸಾಮಾನ್ಯವಾಗಿ ಅದರ ಕಡ್ಡಿಗೆ ಏನೋ ಸುತ್ತಿಕೊಂಡಿರುತ್ತದೆ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕರವಸ್ತ್ರದ ಅಂಚಿಗೆ ಹೂವು ಹಾಕುವುದನ್ನೂ, ಮೊಣಕಾಲು ಜೋಡಿಸಿ ಕೂರುವುದನ್ನೂ ಕಲಿಸಿದರು. ಇದನ್ನು ಯಾರೂ ಕಲಿಸಲಿಲ್ಲ. ತೊಟ್ಟಿ ನನ್ನ ಪಾಲಿಗೆ ಬಂದ ಮೇಲೆ ಕಲಿತೆ.

ನಮ್ಮಂಥವರ ಮನೆಗೆ ಮೀನು ಬಂದದ್ದೇ ಒಂದು ತಮಾಷೆ. ನಾವು ಹೋಟೆಲಿಗೆಂದು ಊರು ಬಿಟ್ಟು ಹಿಂದಿ ಮಾತಾಡುವ ಈ ಮಹಾನಗರಕ್ಕೆ ಬಂದ ಉಡುಪಿ ಕಡೆಯವರು, ಈರುಳ್ಳಿಗೂ ವಾರದಲ್ಲಿ ರಜೆ ಕೊಡುವ ಮನೆ. ಮಾಜಿವಾಡಾದಲ್ಲಿರುವ ನಮ್ಮವರ ಹೋಟೆಲಿಗೆ ಗಿರಾಕಿ ಕಡಿಮೆಯಾದಾಗ ವಾಸ್ತು ನೋಡುವವರೊಬ್ಬರು ಬಂದು, ಕೋಪರಖೈರಣೆಯ ಈ ಮನೆಯ ಈಶಾನ್ಯ ಮೂಲೆಯಲ್ಲಿ ಹರಿಯುವ ನೀರಿರಬೇಕು, ಅದರಲ್ಲಿ ಬಂಗಾರದ ಬಣ್ಣದ ಮೀನು ತುಂಬಿರಬೇಕು ಎಂದರು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಮೀನಾ? ದೇವರ ಕೋಣೆಯ ಪಕ್ಕದಲ್ಲಾ?”

“ಸಾಕ್ಲಿಕ್ಕೆ ಅಮ್ಮ, ತಿನ್ಲಿಕ್ಕಲ್ಲ,” ಎಂದರು ನಮ್ಮವರು.

ಆಮೇಲೆ ಅತ್ತೆಯೇ ಅವಕ್ಕೆ ಇಡ್ಲಿ ಪುಡಿಮಾಡಿ ಹಾಕತೊಡಗಿದರು. ನಾನು ಅದನ್ನು ಚಹಾ ಸೋಸುವ ಜಾಲರಿಯಲ್ಲಿ ಎತ್ತುತ್ತಿದ್ದೆ. ಅವರು ಹಾಕುವುದು, ನಾನು ಎತ್ತುವುದು. ನಮ್ಮಿಬ್ಬರ ನಡುವೆ ಬಹಳಷ್ಟು ಸಂಗತಿಗಳು ಹಾಗೆಯೇ ನಡೆಯುತ್ತಿದ್ದವು.

ಮಗಳು ಯುಕೆಜಿಗೆ ಹೋಗುತ್ತಿದ್ದ ವರ್ಷ ನನಗೆ ಒಂದು ಕೆಲಸ ಸಿಕ್ಕಿತು. ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಶಾಲೆ. ಒಬ್ಬ ಟೀಚರು ನಡುವೆಯೇ ಬಿಟ್ಟುಹೋಗಿದ್ದರು, ಸಣ್ಣ ಕ್ಲಾಸುಗಳಿಗೆ ಇಂಗ್ಲಿಷು ಕಲಿಸಬೇಕಿತ್ತು. ಪ್ರಿನ್ಸಿಪಾಲರು ನನ್ನಿಂದ ಒಂದು ಪುಟ ಓದಿಸಿ, ಸೋಮವಾರ ಬಂದುಬಿಡಿ ಎಂದರು. ನಾನು ಎರಡು ಕಾಟನ್ ಸೀರೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿ ಕಪಾಟಿನಲ್ಲಿ ಬೇರೆಯಾಗಿ ತೂಗುಹಾಕಿದೆ. ದಿನಕ್ಕೆ ಹತ್ತು ಸಲ ಕಪಾಟು ತೆರೆದು ನೋಡುತ್ತಿದ್ದೆ ಎಂದರೆ ನಗಬೇಡಿ.

ಅದಕ್ಕೆ ಮೊದಲಿನ ಶುಕ್ರವಾರ ಸೂರ್ಯಗ್ರಹಣ, ನಡುಮಧ್ಯಾಹ್ನದ್ದು. ಗ್ರಹಣದ ದಿನ ನಮ್ಮಲ್ಲಿ ಉಪ್ಪಿನಕಾಯಿ, ಮೊಸರು, ಕುಡಿಯುವ ನೀರು, ಎಲ್ಲದಕ್ಕೂ ಒಂದೊಂದು ದರ್ಭೆ ಹಾಕುತ್ತಾರೆ, ದೋಷ ತಾಗದಿರಲಿ ಎಂದು. ಅತ್ತೆ ಬೆಳಿಗ್ಗೆಯೇ ಮಿಂದು ದರ್ಭೆಯ ಕಟ್ಟು ಹಿಡಿದು ಮನೆಯಿಡೀ ಓಡಾಡಿದರು. ನೀರು ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಹಾಕಿದರು. ಮೀನಿನ ತೊಟ್ಟಿಯಲ್ಲೂ ನೀರೇ ಇತ್ತಲ್ಲ.

ಗ್ರಹಣ ಹಿಡಿಯುವ ಹೊತ್ತಿಗೆ ಗುಳುಗುಳು ನಿಂತಿತು. ಸಣ್ಣ ತೊಟ್ಟಿ, ವಾಸ್ತುವಿನವರ ಮಾತಿನಂತೆ ತುಂಬ ಮೀನು. ಮೇಲೆ ಬಂದು ಬಾಯಿಬಿಡತೊಡಗಿದವು. ನಾನು ಸೆರಗು ಸಿಕ್ಕಿಸಿ ಎದ್ದೆ.

“ಈಗ ಯಾರಾದ್ರೂ ನೀರಿಗೆ ಕೈ ಹಾಕ್ತಾರಾ?” ಎಂದರು ಅತ್ತೆ. “ಗ್ರಹಣ ಬಿಡ್ಲಿ.”

“ಅಷ್ಟರಲ್ಲಿ ಸಾಯ್ತವೆ ಅತ್ತೆ.”

“ಯಾಕೆ, ಕಾನ್ವೆಂಟಿನವರಿಗೆ ಗ್ರಹಣ ಹಿಡಿಯುದಿಲ್ವಾ?”

ಗ್ರಹಣವೆಂದು ಹೋಟೆಲು ಮುಚ್ಚಿ ಮನೆಯಲ್ಲೇ ಇದ್ದ ನಮ್ಮವರ ಮುಖ ನೋಡಿದೆ. ಅವರು ಪಂಚಾಂಗದಲ್ಲಿ ಮೋಕ್ಷಕಾಲ ನೋಡುತ್ತಿದ್ದರು. “ಸ್ವಲ್ಪ ಹೊತ್ತು ಅಲ್ವಾ ಮಾರಾಯ್ತಿ,” ಎಂದರು.

ಗ್ರಹಣ ಬಿಟ್ಟು, ಎಲ್ಲರ ಸ್ನಾನವಾಗಿ, ಅತ್ತೆ ದೇವರ ಮುಂದೆ ಕುಳಿತ ಮೇಲೆ ನಾನು ಪಂಪು ಬಿಚ್ಚಿದೆ. ನಮ್ಮವರು ಟಾರ್ಚು ಹಿಡಿದಿದ್ದರು. ಚಕ್ರದ ಕಡ್ಡಿಗೆ ದರ್ಭೆ ಬಿಗಿಯಾಗಿ ಸುತ್ತಿಕೊಂಡಿತ್ತು, ಹಸಿರು ಹುರಿಯ ಹಾಗೆ. ಅವರು ನೋಡಿದರು. ನನ್ನ ಕೈಯಿಂದ ಅದನ್ನು ತೆಗೆದುಕೊಂಡು ಹೋಗಿ ತುಳಸಿಯ ಕುಂಡದ ಮಣ್ಣಿನೊಳಗೆ ಬೆರಳಿನಿಂದ ಒತ್ತಿದರು.

“ಅಮ್ಮನಿಗೆ ಹೇಳುದು ಬೇಡ,” ಎಂದರು ಪಿಸುದನಿಯಲ್ಲಿ. “ಸುಮ್ಮನೆ ಬೇಜಾರು ಮಾಡಿಕೊಳ್ತಾರೆ.”

ಪ್ಲಗ್ ಹಾಕಿದೊಡನೆ ಪಂಪು ಚೆನ್ನಾಗಿಯೇ ಓಡಿತು. ಸತ್ತ ಮೀನುಗಳು ಆ ಹರಿವಿನಲ್ಲಿ ನಿಧಾನವಾಗಿ ಸುತ್ತು ಬರತೊಡಗಿದವು, ಒಂದರ ಹಿಂದೆ ಒಂದು.

ಅತ್ತೆ ಬಂದು ನೋಡಿ ಕೈಮುಗಿದರು. “ಮನೆಗೆ ಬರ್ಲಿಕ್ಕಿದ್ದ ಕಂಟಕವನ್ನು ತಾವು ತಗೊಂಡು ಹೋದವು, ಪಾಪ.” ನನ್ನ ಕಡೆ ತಿರುಗಿ ಹೇಳಿದರು: “ಎಂತ ಕಂಟಕ ಅಂತ ನಾನು ಹೇಳ್ಬೇಕಾ? ಸೋಮವಾರ ಶಾಲೆಗೆ ಅಂತ ಒಂದು ಹೊರಡ್ಲಿಕ್ಕೆ ಉಂಟಲ್ಲ.”

ನಾನು ನಮ್ಮವರ ಕಡೆ ನೋಡಿದೆ. ನಾನು ಬಾಯಿಬಿಟ್ಟರೆ ಅದು ಸೊಸೆಯ ಚಾಡಿಯಾಗುತ್ತಿತ್ತು. ಅವರು ಹೇಳಿದ್ದರೆ ಮಗನ ಮಾತು. ಒಂದೇ ಒಂದು ವಾಕ್ಯ ಸಾಕಿತ್ತು. ಅವರು ಟವೆಲಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡರು. ಉಗುರಿನ ಸಂದಿಯಲ್ಲಿ ತುಳಸಿಕುಂಡದ ಮಣ್ಣು ಇನ್ನೂ ಇತ್ತು. “ಅಮ್ಮ ಹೇಳುದ್ರಲ್ಲೂ ಎಂತದ್ದೋ ಉಂಟು,” ಎಂದರು. “ಸದ್ಯಕ್ಕೆ ಬೇಡ, ಅಲ್ವಾ?” ಮರುದಿನ ಶಾಲೆಗೆ ಫೋನು ಮಾಡಿದ್ದೂ ಅವರೇ. ಮನೆಯಲ್ಲಿ ಸ್ವಲ್ಪ ಅಡಚಣೆ ಎಂದು ಬಹಳ ವಿನಯದಿಂದ ಹೇಳಿದರು.

ಹೊಸ ಮೀನು ಬಂದವು, ಪಂಪು ಎಷ್ಟೋ ಸಲ ಬದಲಾಯಿತು, ಅತ್ತೆ ತೀರಿಕೊಂಡರು. ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರು ನಂಬಿದ್ದನ್ನು ಹೇಳಿದರು. ದರ್ಭೆಯ ವಿಷಯ ಅವರಿಗೆ ತಿಳಿಯಲೇ ಇಲ್ಲ. ತಿಳಿದಿದ್ದವರು ನಾವಿಬ್ಬರು. ಆ ಗುಟ್ಟು ಇವರಿಗೂ ಎಲ್ಲೋ ಚುಚ್ಚುತ್ತಿರಬೇಕು ಎಂದೇ ನಾನು ಇಷ್ಟು ವರ್ಷ ಅಂದುಕೊಂಡಿದ್ದೆ. ಹೋಟೆಲಿನಿಂದ ಬರುವಾಗ ನನಗೆಂದು ಮಲ್ಲಿಗೆ ತಂದರೆ, ಓಹೋ, ಇವತ್ತು ನೆನಪಾಗಿದೆ ಎಂದುಕೊಳ್ಳುತ್ತಿದ್ದೆ. ಕೆಲವೊಮ್ಮೆ ಅವರ ಬಗ್ಗೆ ಮರುಕವೂ ಪಟ್ಟಿದ್ದೇನೆ.

ಇವತ್ತು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಪಂಪು ಬಿಚ್ಚಿದೆ. ಕಡ್ಡಿಗೆ ಏನೂ ಸುತ್ತಿರಲಿಲ್ಲ. ಇಲ್ಲಿಯ ನೀರಿನ ಸುಣ್ಣ ಕಟ್ಟಿಕೊಂಡು ಚಕ್ರ ಹಿಡಿದಿತ್ತು, ಅಷ್ಟೆ. ವಿನೆಗರಿನಲ್ಲಿ ನೆನೆಸಿ ಹಳೆಯ ಬ್ರಷ್ಷಿನಿಂದ ಉಜ್ಜುತ್ತಿದ್ದೆ. ಮಗಳು ಎದುರಿಗೆ ಕುಳಿತು ಉಪ್ಪಿಟ್ಟು ತಿನ್ನುತ್ತಿದ್ದಳು. ಅವಳಿಗೆ ಮೊದಲ ನೌಕರಿ, ಇವತ್ತು ಮೊದಲ ದಿನ.

“ಮಮ್ಮಿ, ತೂನೇ ಕಭೀ ಜಾಬ್ ಕ್ಯೋ ನಹೀ ಕಿಯಾ?” ಎಂದು ಕೇಳಿದಳು, ನೀನು ಯಾಕೆ ಯಾವತ್ತೂ ಕೆಲಸಕ್ಕೆ ಹೋಗಲಿಲ್ಲ ಎಂದು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿಯೇ.

ನಾನು ಉತ್ತರಿಸುವ ಮೊದಲೇ ಪೇಪರಿನ ಹಿಂದಿನಿಂದ ಇವರು ಹೇಳಿದರು: “ಅವಳಿಗೆ ಎಲ್ಲಿ ಮನಸ್ಸಿತ್ತು? ನಾನು ಬೇಡ ಅಂದವನಾ? ಮನೆ ಅಂದ್ರೆ ನಿನ್ನಮ್ಮನಿಗೆ ಪ್ರಾಣ.” ದನಿಯಲ್ಲಿ ಪ್ರೀತಿಯಿತ್ತು. ಹೆಮ್ಮೆಯೂ ಇತ್ತು.

ಬ್ರಷ್ಷು ಕೆಳಗಿಟ್ಟು ಮಗಳಿಗೆ ಎಲ್ಲವನ್ನೂ ಹೇಳಿದೆ. ದನಿ ಏರಿಸಲಿಲ್ಲ, ನನಗೆ ಅದು ಬರುವುದಿಲ್ಲ. ತುಳಸಿಕುಂಡದವರೆಗೆ ಹೇಳಿ ಮುಗಿಸಿದಾಗ ಇವರು ಪೇಪರು ಇಳಿಸಿದ್ದರು.

“ಯಾವ ದರ್ಭೆ ಮಾರಾಯ್ತಿ?”

ಆ ಮುಖವನ್ನು ಓದುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ. ಅಲ್ಲಿ ನಾಚಿಕೆ ಇರಲಿಲ್ಲ, ಅಡಗಿಸುವ ಅವಸರವೂ ಇರಲಿಲ್ಲ. ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ನಾವಿಬ್ಬರೂ ಹೊತ್ತಿದ್ದೇವೆ ಎಂದುಕೊಂಡಿದ್ದನ್ನು ಇಷ್ಟು ವರ್ಷ ನಾನೊಬ್ಬಳೇ ಹೊತ್ತಿದ್ದೆ. ಮಲ್ಲಿಗೆ ಬರೀ ಮಲ್ಲಿಗೆಯಾಗಿತ್ತು.

ಮಗಳು ಎದ್ದು ತಟ್ಟೆ ತೊಳೆದಿಟ್ಟಳು. ನಾನು ಪಂಪಿನ ಬಿಡಿಭಾಗಗಳನ್ನು ಪೇಪರಿನ ಸಮೇತ ಇವರ ಮುಂದೆ ಸರಿಸಿದೆ. “ಇದನ್ನು ಜೋಡಿಸಿ ಹೋಗಿ.”

“ನನಗೆ ಇದೆಲ್ಲ ಎಲ್ಲಿ ಬರ್ತದೆ?”

“ಬಿಚ್ಚಿ ಇಟ್ಟಿದ್ದೇನಲ್ಲ. ನೋಡಿ ಕಲ್ತುಕೊಳ್ಳಿ.”

ಮೀನುಗಳಿಗೆ ಗಾಳಿಯ ಗುಳ್ಳೆ ಬಿಡುವ ಸಣ್ಣ ಯಂತ್ರವೊಂದನ್ನು ಹಾಕಿದ್ದೇನೆ, ಅವು ನನಗೇನೂ ಮಾಡಿಲ್ಲ. ಮಗಳ ಜೊತೆ ಸ್ಟೇಷನ್ನಿನವರೆಗೆ ನಡೆದುಹೋಗಿ, ಅವಳು ಗಾಡಿ ಹತ್ತುವುದನ್ನು ನೋಡಿ ಬಂದೆ. ಇವರು ಇನ್ನೂ ಮೇಜಿನ ಮುಂದೆಯೇ ಇದ್ದಾರೆ. ಕನ್ನಡಕ ಹಣೆಗೇರಿಸಿ ಚಕ್ರವನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದಾರೆ. ಯಾವ ಬದಿ ಒಳಗೆ ಹೋಗಬೇಕು ಎಂದು ಆಗಲೇ ಒಮ್ಮೆ ಕೇಳಿದರು. ಈಗ ಮತ್ತೆ ಕೇಳುತ್ತಿದ್ದಾರೆ. ನಾನು ಮೇಜಿನ ಈ ತುದಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ, ತಲೆ ಎತ್ತಿಲ್ಲ.